ಲೆನ್ಸ್ ಹುಡ್ ಬಾಯಿಗೆ ಹಾಕುವ ಮುಚ್ಚಳ ಎಲ್ಲಿ ಸಿಗುತ್ತದೆ? ಮನೆಯಲ್ಲೇ ಮಾಡಿಕೊಳ್ಳಬಹುದಾ?

ನಿಮ್ಮದು ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಕ್ಯಾಮೆರಾ ಲೆನ್ಸ್, ಗಾಜು ಮುಚ್ಚುವ ಕ್ಯಾಪ್ ಹುಡ್‌ನ, ಅಂದರೆ ಅಡ್ಡಬೆಳಕು ತಡೆಯಲು ಲೆನ್ಸ್ ಮುಂದೆ ಸಿಕ್ಕಿಸುವ ಕೊಳವೆಯ, ಆಳದಲ್ಲಿ ಕೂರುತ್ತದೆ, ಕಲಬುರಗಿಯ ಅಂಗಡಿಗಳಲ್ಲಿ ಹುಡ್‌ಗೇ ಹಾಕುವ ಮುಚ್ಚಳ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ ಎಂದು ಬರೆದಿದ್ದೀರಿ. ಬೀದರ್‌ನಲ್ಲೂ ಅದೇ ಕಥೆ. ನಾನು ಎರಡು ಮಾಡಿಕೊಂಡೆ. ಮೊದಲನೆಯದು ಕೈಕೊಟ್ಟಿತು, ಎರಡನೆಯದು ಇವತ್ತಿಗೂ ಬ್ಯಾಗಲ್ಲಿದೆ.

ನನ್ನದು 100-400 ಲೆನ್ಸ್. ಊರ ಹೊರಗಿನ ಹುಲ್ಲುಗಾವಲಿಗೆ ಕೃಷ್ಣಮೃಗ ನೋಡಲು ಹೋಗುತ್ತಿರುತ್ತೇನೆ. ಹುಡ್ ಒಳಗೆ ಬೆರಳು ಹಾಕಿ ಕ್ಯಾಪ್ ತೆಗೆಯುವಷ್ಟರಲ್ಲಿ ಅದು ಎರಡು ಹೊಲ ದಾಟಿರುತ್ತದೆ, ಗಾಜಿನ ಮೇಲೆ ನನ್ನ ಹೆಬ್ಬೆಟ್ಟು ಮಾತ್ರ ಉಳಿದಿರುತ್ತದೆ. ಬೇಸತ್ತು ಒಂದು ದಿನ ಕ್ಯಾಪ್ ಹಾಕದೆಯೇ ಬೈಕಲ್ಲಿ ಬಂದೆ. ನಮ್ಮ ಕಡೆಯ ಕೆಂಪು ಮುರುಮಿನ ಧೂಳು ಗೊತ್ತಲ್ವಾ? ಮನೆಗೆ ಬಂದು ಅಂಗಿಯ ತುದಿಯಿಂದ ಒರೆಸಿದೆ. ಗಾಜಿನ ಕೋಟಿಂಗ್ ಮೇಲೆ ಕೂದಲಿನಂಥ ಒಂದು ಗೆರೆ ಬಿತ್ತು. ಫೋಟೋದಲ್ಲಿ ಕಾಣುವುದಿಲ್ಲ, ಆದರೆ ನನಗೆ ದಿನಾ ಕಾಣುತ್ತದೆ.

ಮೊದಲು ಅಳತೆ. ಲೆನ್ಸ್ ಮೇಲೆ ಬರೆದ 77 ಅಥವಾ 95 ಎಂಎಂ ಇಲ್ಲಿ ಲೆಕ್ಕಕ್ಕಿಲ್ಲ, ಅದು ಲೆನ್ಸ್ ಮುಂದೆ ತಿರುಗಿಸಿ ಹಾಕುವ ಫಿಲ್ಟರ್ ಗಾಜಿನ ಅಳತೆ. ಟೈಲರ್ ಟೇಪನ್ನು ಹುಡ್ ಬಾಯಿಯ ಹೊರಗೆ ಒಂದು ಸುತ್ತು ಸುತ್ತಿ, ಬಂದದ್ದನ್ನು 3.14ರಿಂದ ಭಾಗಿಸಿ. ನನಗೆ 33.3 ಸೆಂಟಿಮೀಟರ್ ಬಂತು, ಅಂದರೆ ಅಗಲ 106 ಎಂಎಂ.

106 ಅಂದ ಕೂಡಲೇ ತಲೆಗೆ ಹೊಳೆದದ್ದು ನಾಲ್ಕಿಂಚಿನ ಪೈಪ್. ಪ್ಲಂಬರ್‌ಗಳು ನಾಲ್ಕಿಂಚು ಎನ್ನುವ ಪಿವಿಸಿ ಪೈಪಿನ ಹೊರ ಅಗಲ 110 ಎಂಎಂ. ಅದರ ಎಂಡ್ ಕ್ಯಾಪ್ ತಂದು, ಒಳಗೆ ತೆಳುವಾದ ಫೋಮ್ ಅಂಟಿಸಿದೆ. ಅಚ್ಚುಕಟ್ಟಾಗಿ ಕೂತಿತು. ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟಾಗಿ! ಎಳೆದರೆ ಒಳಗಿನ ಗಾಳಿ ಹಿಡಿದುಕೊಂಡು ಹುಡ್ಡೇ ಕಿತ್ತು ಬರುತ್ತಿತ್ತು. ತಿರುಗಿಸಿ ತೆಗೆಯೋಣ ಅಂದರೆ ಹುಡ್ ಕೂಡ ಜೊತೆಗೆ ತಿರುಗುತ್ತಿತ್ತು. ಮೊಳೆ ಕಾಯಿಸಿ ಮಧ್ಯದಲ್ಲಿ ಸಣ್ಣ ತೂತು ಮಾಡಿದ ಮೇಲೆ ಆ ತೊಂದರೆ ಹೋಯಿತು. ಆದರೆ ತೆಗೆದಾಗಲೆಲ್ಲ ಟಪ್ ಎನ್ನುವ ಸದ್ದು, ಚಿಗರೆಗಳ ಕಿವಿ ನೆಟ್ಟಗೆ. ಏಪ್ರಿಲ್ ಬಿಸಿಲಿಗೆ ಕಾರಿನಲ್ಲಿಟ್ಟಾಗ ಡಬಲ್ ಟೇಪ್‌ನ ಅಂಟು ಇಳಿದು ಹುಡ್‌ಗೆ ಮೆತ್ತಿಕೊಂಡಿತು. ಹುಡ್ಡನ್ನು ಲೆನ್ಸಿಂದ ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯಬೇಕಾಯಿತು.

ನಿಮಗೆ ಈ ಪೈಪ್ ಕ್ಯಾಪ್ ಬಹುಶಃ ಆಗುವುದೇ ಇಲ್ಲ. 150-600 ಲೆನ್ಸಿನ ಮೈಯೇ 105 ಎಂಎಂ ಆಸುಪಾಸು ಇರುತ್ತದೆ. ಬ್ಯಾಗಲ್ಲಿಡುವಾಗ ಹುಡ್ ತಿರುಗಾಮುರುಗಾ ಅದರ ಮೇಲೆ ಕೂರಬೇಕು, ಹಾಗಾಗಿ ಅದು ಇನ್ನೂ ಅಗಲ. ಬಾಯಿಯ ಅಂಚು ಹೂವಿನ ದಳದಂತೆ ಏರಿಳಿದಿರುವ ಹುಡ್ ಆಗಿದ್ದರಂತೂ ಗಟ್ಟಿ ಮುಚ್ಚಳ ಹಾಕಿದರೂ ತಗ್ಗಿನ ಜಾಗದಲ್ಲಿ ಸಂದು ಉಳಿದು ಧೂಳು ಒಳಗೆ ಹೋಗುತ್ತದೆ.

ಆದ್ದರಿಂದ ನೇರವಾಗಿ ಬೈಕ್ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ. ನಾನು ಹೋದಾಗ ಅವರು ಹುಡ್ ಹಿಡಿದು ತಿರುಗಿಸಿ ನೋಡಿ, "ಇದ್ಯಾವ ಗಾಡಿ ಸೀಟ್ರೀ ಸರ, ಇಷ್ಟ್ ಸಣ್ಣದು?" ಅಂದರು. ಹೊರಗೆ ರೆಕ್ಸಿನ್ ಬೇಡ, ನಮ್ಮ ಬಿಸಿಲಿಗೆ ಅಂಟಂಟಾಗುತ್ತದೆ. ದಪ್ಪ ಕ್ಯಾನ್ವಾಸ್ ಕೇಳಿ. ಒಳಗೆ ನೂಲು ಬಿಡದ ನುಣುಪಾದ ಲೈನಿಂಗ್. ಎರಡರ ಮಧ್ಯೆ ಹಳೇ ಬಕೆಟ್ ಮುಚ್ಚಳದಿಂದ ಕತ್ತರಿಸಿದ ಒಂದು ಬಿಲ್ಲೆ ಇಡಿಸಿ, ಇಲ್ಲದಿದ್ದರೆ ಬ್ಯಾಗಲ್ಲಿ ಏನಾದರೂ ಒತ್ತಿದಾಗ ಬಟ್ಟೆ ಒಳಗೆ ಕುಸಿಯುತ್ತದೆ. ಬಿಲ್ಲೆಯ ಸುತ್ತ ಪಟ್ಟಿ, ಪಟ್ಟಿಯ ಅಂಚಿಗೆ ಇಲಾಸ್ಟಿಕ್. ನನ್ನ ಪಟ್ಟಿ ನಾಲ್ಕು ಸೆಂಟಿಮೀಟರ್ ಅಗಲ. ದಳದ ಹುಡ್‌ಗೆ ಅದು ಸಾಲದು, ದಳದ ತಗ್ಗನ್ನು ದಾಟಿ ಕೆಳಗಿನ ದುಂಡು ಭಾಗ ಹಿಡಿಯುವಷ್ಟು ಬೇಕು. ಅಂಚಿಗೆ ಒಂದು ಸಣ್ಣ ಕುಣಿಕೆ ಹೊಲಿಸಿಕೊಳ್ಳಿ, ಕತ್ತಲಲ್ಲೂ ಹಿಡಿದು ಎಳೆಯಬಹುದು. ದಾರ ಕಟ್ಟಿ ನೇತುಹಾಕಬೇಡಿ, ಗಾಳಿಗೆ ಹಾರಿ ಫ್ರೇಮಿನೊಳಗೆ ಬರುತ್ತದೆ.

ಕೊಂಡುಕೊಳ್ಳುವುದೇ ಆದರೆ ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯವು ಬರುತ್ತವೆ. ಲೆನ್ಸ್‌ಕೋಟ್ ಕಂಪನಿಯ ಹುಡೀ ಎಂಬ ಮುಚ್ಚಳ ಅಂಥದ್ದು, ಅದನ್ನೂ ಹುಡ್‌ನ ಹೊರ ಅಗಲ ನೋಡಿಯೇ ಆರಿಸಬೇಕು. ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ. ನನಗೆ ಅಷ್ಟು ದುಡ್ಡು ಕೊಡಲು ಮನಸ್ಸಾಗಲಿಲ್ಲ.

ಹೊಲಿಸಿದ ಮೇಲೆ ಎರಡು ವಿಷಯ ನೆನಪಿಡಿ. ಬಟ್ಟೆಯ ಮುಚ್ಚಳ ಮಳೆಗೆ ಒದ್ದೆಯಾದರೆ ಹಾಗೇ ಹಾಕಿಡಬೇಡಿ, ಒಳಗೆ ತೇವ ನಿಂತರೆ ಗಾಜಿಗೆ ಫಂಗಸ್ ಹಿಡಿಯುತ್ತದೆ. ಇನ್ನೊಂದು, ಹೊಲದ ಬದುವಿನ ಮೇಲೆ ಲೆನ್ಸ್ ಬಾಯಿ ಮೇಲೆ ಮಾಡಿ, ಮುಚ್ಚಳ ಹಾಕದೆ ಇಡಬೇಡಿ. ಇಷ್ಟು ದೊಡ್ಡ ಗಾಜು ಸೂರ್ಯನನ್ನು ಒಂದೇ ಚುಕ್ಕೆಗೆ ತಂದು ಕ್ಯಾಮೆರಾ ಒಳಗೆ ಸುಟ್ಟುಬಿಡಬಹುದು. ಎರಡು ನಿಮಿಷ ನೀರು ಕುಡಿಯಲು ಕೂತರೂ ಮೊದಲು ಮುಚ್ಚಳ.

ಅಂದಹಾಗೆ, ಟೈಲರ್‌ಗೆ ಹುಡ್ ಒಂದನ್ನೇ ಕೊಟ್ಟು ಬನ್ನಿ, ಲೆನ್ಸ್ ಮನೆಯಲ್ಲಿರಲಿ. ನನ್ನ ಹುಡ್ ಎರಡು ದಿನ ಅಲ್ಲೇ ಇತ್ತು, ತರಲು ಹೋದಾಗ ಅದರ ತುಂಬ ಸೂಜಿ, ದಾರದ ಉಂಡೆ ಇಟ್ಟುಕೊಂಡಿದ್ದರು.