ಮೂರು ಹೊಡೆದು ನಾಲ್ಕು ಬಿಟ್ಟುಕೊಡುವುದು ನಿಲ್ಲಬೇಕಾದರೆ

ನಿಮ್ಮ ಪ್ರಶ್ನೆ ಇಷ್ಟು: ವಿರಾಜಪೇಟೆಯಲ್ಲಿ ಕೂತು ಪಿಎಸ್5ನಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ 25 ಫುಟ್‌ಬಾಲ್ ಗೇಮ್ ಆಡುತ್ತೀರಿ, 3 ಗೋಲು ಹೊಡೆದರೆ 4 ಬಿಟ್ಟುಕೊಡುತ್ತೀರಿ. ಡಿಫೆನ್ಸ್ ಲೈನ್ ಕೆಳಗಿಳಿಸಿದರೆ ಗೋಲೇ ಬರುವುದಿಲ್ಲ. ಲೈನ್ ಹೈಟ್, ಅಂದರೆ ಡಿಫೆಂಡರ್‌ಗಳ ಸಾಲು ಎಷ್ಟು ಮುಂದೆ ನಿಲ್ಲಬೇಕೆಂಬ ಸೆಟ್ಟಿಂಗ್, ಎಷ್ಟಕ್ಕಿಡಬೇಕು?

ಡಿಫೆನ್ಸಿವ್ ಅಪ್ರೋಚ್ ಬ್ಯಾಲೆನ್ಸ್ಡ್, ಲೈನ್ ಹೈಟ್ 50ರ ಆಸುಪಾಸು. ಅಲ್ಲಿಗಿಟ್ಟು ಸದ್ಯಕ್ಕೆ ಮರೆತುಬಿಡಿ, ಯಾಕೆಂದರೆ ನಿಮ್ಮ ತೊಂದರೆ ಅಲ್ಲಿಲ್ಲ. ಬಿಟ್ಟುಕೊಟ್ಟ ಪ್ರತಿ ಗೋಲಿನಲ್ಲೂ ಒಂದನ್ನು ನೋಡಿ: ಚೆಂಡು ನಿಮ್ಮ ಕಾಲಿನಿಂದ ಹೋದ ಆ ಗಳಿಗೆಯಲ್ಲಿ ಚೆಂಡಿನ ಹಿಂದೆ ನಿಮ್ಮವರು ಎಷ್ಟು ಜನ ಇದ್ದರು? ಇಬ್ಬರೇ ಇದ್ದರೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ.

ಚೆಂಡು ಎದುರಾಳಿಯ ಪೆನಾಲ್ಟಿ ಬಾಕ್ಸ್ ಹತ್ತಿರ ಇರುವಾಗ, ಗೋಲ್‌ಕೀಪರ್ ಬಿಟ್ಟು 4 ಜನ ಹಿಂದಿರಬೇಕು. ಇಬ್ಬರು ಸೆಂಟರ್ ಬ್ಯಾಕ್, ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ (ಸಿಡಿಎಂ), ಒಬ್ಬ ಫುಲ್‌ಬ್ಯಾಕ್. ಉಳಿದ 6 ಜನ ಗೋಲು ಹೊಡೆಯಲು ಧಾರಾಳ ಸಾಕು.

ಎಫ್‌ಸಿ 25ರಲ್ಲಿ ಹಳೆಯ ವರ್ಕ್ ರೇಟ್ ಇಲ್ಲ. ಯಾರು ಮುಂದೆ ಹೋಗಬೇಕು, ಯಾರು ನಿಲ್ಲಬೇಕು ಎಂಬುದನ್ನು ಪ್ಲೇಯರ್ ರೋಲ್ ನಿರ್ಧರಿಸುತ್ತದೆ. 4-2-3-1 ಆಡುತ್ತಿದ್ದರೆ ಒಬ್ಬ ಸಿಡಿಎಂಗೆ ಹೋಲ್ಡಿಂಗ್ ರೋಲ್ ಕೊಟ್ಟು ಫೋಕಸ್ ಅನ್ನು ಡಿಫೆಂಡ್‌ಗೆ ಇಡಿ. ಇನ್ನೊಬ್ಬ ಡೀಪ್ ಲೈಯಿಂಗ್ ಪ್ಲೇಮೇಕರ್ ಆಗಲಿ. ಒಂದು ಬದಿಯ ಬ್ಯಾಕ್‌ಗೆ ಫುಲ್‌ಬ್ಯಾಕ್ ರೋಲ್, ಅದಕ್ಕೂ ಡಿಫೆಂಡ್. ಇನ್ನೊಂದು ಬದಿಗೆ ವಿಂಗ್‌ಬ್ಯಾಕ್. ಯಾವ ಬದಿಯವನನ್ನು ಮುಂದಕ್ಕೆ ಬಿಡಬೇಕು ಎಂದರೆ, ಒಳಗೆ ಕಟ್ ಮಾಡುವ ವಿಂಗರ್ ಇರುವ ಬದಿಯವನನ್ನು. ವಿಂಗರ್ ಒಳಗೆ ಬಂದಾಗ ಖಾಲಿಯಾಗುವ ಅಂಚನ್ನು ಅವನು ತುಂಬುತ್ತಾನೆ. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಎದುರಾಳಿಯ ವಿಂಗರ್‌ಗಳಿಗೆ ದಾರಿ ನೀವೇ ತೆರೆದುಕೊಟ್ಟಂತೆ.

ಇಷ್ಟು ಮಾಡಿದ ಮೇಲೂ ಕೆಡುವುದು ಕೈಯಿಂದ. ಎಲ್1 ಹಿಡಿದು ಎಕ್ಸ್ ಒತ್ತಿದರೆ ಪಾಸ್ ಕೊಟ್ಟವನು ರೋಲ್ ಏನೇ ಇರಲಿ ಮುಂದಕ್ಕೆ ಓಡುತ್ತಾನೆ. ಸಿಡಿಎಂನಿಂದ ಹಾಗೆ ಪಾಸ್ ಕೊಟ್ಟರೆ ನೀವು ಕಟ್ಟಿದ ನಾಲ್ವರಲ್ಲಿ ಒಬ್ಬ ಮಾಯ. ಎಲ್1 ಓಟಗಳನ್ನು ಮುಂದಿನ ನಾಲ್ವರಿಗೆ ಮಾತ್ರ ಬಳಸಿ.

ಇನ್ನು ಚೆಂಡಿಲ್ಲದಾಗ. ಸೆಂಟರ್ ಬ್ಯಾಕ್‌ನನ್ನು ಆದಷ್ಟು ಕಂಪ್ಯೂಟರ್‌ಗೆ ಬಿಟ್ಟು, ನೀವು ಸಿಡಿಎಂನನ್ನು ಹಿಡಿಯಿರಿ. ಎಲ್2 ಹಿಡಿದು ಜಾಕಿ ಮಾಡುತ್ತ (ಚೆಂಡಿರುವವನಿಗೆ ಮುಖ ಮಾಡಿ ಸರಿಯುತ್ತ) ಎದುರಾಳಿಗೂ ನಿಮ್ಮ ಗೋಲಿಗೂ ನಡುವೆ ನಿಲ್ಲಿ. ಅವನು ಚೆಂಡನ್ನು ಕಾಲಿನಿಂದ ದೂರ ತಳ್ಳಿದಾಗ ಮಾತ್ರ ಸರ್ಕಲ್ ಒತ್ತಿ ಟ್ಯಾಕಲ್ ಮಾಡಿ. ಆರ್1 ಒತ್ತಿ ಹಿಡಿದರೆ ಎರಡನೆಯವನೂ ಚೆಂಡಿನ ಕಡೆ ನುಗ್ಗುತ್ತಾನೆ, ಅವನು ಬಿಟ್ಟು ಬಂದ ಜಾಗಕ್ಕೇ ಪಾಸ್ ಬೀಳುತ್ತದೆ. ಅದನ್ನು ಒಂದು ಕ್ಷಣಕ್ಕಿಂತ ಹೆಚ್ಚು ಹಿಡಿಯಬೇಡಿ. ಆಟಗಾರನನ್ನು ಬದಲಿಸಲು ಬಲಗಡೆಯ ಸ್ಟಿಕ್ ಬಳಸಿ, ಆಟೋ ಸ್ವಿಚಿಂಗ್ ಅನ್ನು ಆನ್ ಏರ್ ಬಾಲ್ಸ್‌ಗೆ ಇಡಿ. ಇಲ್ಲದಿದ್ದರೆ ನಿಮಗೆ ಬೇಡದವನು ಕೈಗೆ ಬರುತ್ತಾನೆ.

ಕೊಡಗಿನಲ್ಲಿ ಹಾಕಿ ಆಟವನ್ನು ನೋಡಿ, ಆಡಿ ಬೆಳೆದವರಲ್ಲಿ ಒಂದು ಅಭ್ಯಾಸ ಇರಬಹುದು, ನಿಮ್ಮಲ್ಲೂ ಇದೆಯೇ ನೋಡಿಕೊಳ್ಳಿ. 1990ರ ದಶಕದಲ್ಲೇ ಹಾಕಿಯಿಂದ ಆಫ್‌ಸೈಡ್ (ಡಿಫೆಂಡರ್‌ಗಳ ಸಾಲು ದಾಟಿ ನಿಂತವನಿಗೆ ಪಾಸ್ ಕೊಡಬಾರದೆಂಬ ನಿಯಮ) ತೆಗೆದುಹಾಕಿದರು. ಹಾಗಾಗಿ ಅಲ್ಲಿ ಮುಂದೆ ಕಾದು ನಿಂತ ಫಾರ್ವರ್ಡ್ ಜೊತೆ ಒಬ್ಬ ಡಿಫೆಂಡರ್ ಹಿಂದೆಯೇ ಉಳಿಯಬೇಕಾಗುತ್ತದೆ. ಅದೇ ಅಭ್ಯಾಸದಲ್ಲಿ ಫುಟ್‌ಬಾಲ್‌ನಲ್ಲೂ ಭಯಕ್ಕೆ ಒಬ್ಬ ಸೆಂಟರ್ ಬ್ಯಾಕ್‌ನನ್ನು ಕೈಯಾರೆ ಹಿಂದಕ್ಕೆ ಎಳೆದರೆ ಸಾಲು ಮುರಿಯುತ್ತದೆ, ಆಫ್‌ಸೈಡ್ ಆಗಬೇಕಿದ್ದ ಸ್ಟ್ರೈಕರ್ ಆನ್‌ಸೈಡ್ ಆಗುತ್ತಾನೆ. ಥ್ರೂ ಬಾಲ್‌ಗೆ (ಸಾಲಿನ ಹಿಂದಕ್ಕೆ ನುಗ್ಗಿಸುವ ಪಾಸ್‌ಗೆ) ಬೀಳುವ ಎಷ್ಟೋ ಗೋಲುಗಳ ಮೂಲ ಇದೇ. ಪಾಸ್ ಬಿದ್ದ ಮೇಲೆ ಆ ಸೆಂಟರ್ ಬ್ಯಾಕ್‌ನನ್ನು ಹಿಡಿದು ಓಡಿ, ಮೊದಲೇ ಬೇಡ.

ಅಂಚಿನಿಂದ ಗೋಲ್ ಲೈನ್ ತನಕ ಓಡಿ ಹಿಂದಕ್ಕೆ ಕೊಡುವ ಕಟ್‌ಬ್ಯಾಕ್‌ಗೆ ಮದ್ದು ಸುಲಭ: ಓಡುವವನನ್ನು ಫುಲ್‌ಬ್ಯಾಕ್‌ಗೆ ಬಿಡಿ, ನೀವು ಸಿಡಿಎಂನನ್ನು ಪೆನಾಲ್ಟಿ ಸ್ಪಾಟ್ ಹತ್ತಿರ ತಂದು ನಿಲ್ಲಿಸಿ.

ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಕುಂಟುತ್ತದೆ. ಪಿಂಗ್ (ನೆಟ್‌ವರ್ಕ್‌ನ ವಿಳಂಬ) ಏರಿದಾಗ ಟ್ಯಾಕಲ್ ನೀವು ಒತ್ತಿದ್ದಕ್ಕಿಂತ ತಡವಾಗಿ ನಡೆಯುತ್ತದೆ, ಅಷ್ಟರಲ್ಲಿ ಎದುರಾಳಿ ದಾಟಿರುತ್ತಾನೆ. ಅಂಥ ದಿನ ಲೈನ್ 40ಕ್ಕೆ ಇಳಿಸಿ, ಟ್ಯಾಕಲ್ ಕಡಿಮೆ ಮಾಡಿ, ಜಾಕಿ ಮಾಡುತ್ತ ಪಾಸ್ ದಾರಿ ಮುಚ್ಚಿ. ವೈಫೈ ಬದಲು ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಎಳೆಯುವುದು ಯಾವ ಟ್ಯಾಕ್ಟಿಕ್‌ಗಿಂತಲೂ ಹೆಚ್ಚು ಉಪಯೋಗ.

ಕೊನೆಯದು, ಲೀಡ್ ಇದ್ದಾಗ. 70ನೇ ನಿಮಿಷಕ್ಕೆ ಎಲ್ಲರನ್ನೂ ಬಾಕ್ಸ್ ಒಳಗೆ ಸೇರಿಸಬೇಡಿ. ಒದ್ದು ಕಳಿಸಿದ ಚೆಂಡನ್ನು ಹಿಡಿಯಲು ಮುಂದೆ ಯಾರೂ ಇಲ್ಲದೆ ಅದು ಮತ್ತೆ ಮತ್ತೆ ವಾಪಸ್ ಬರುತ್ತದೆ. ಲೈನ್ ಹೈಟ್ ಅನ್ನು ಇದ್ದದ್ದಕ್ಕಿಂತ 10 ಮಾತ್ರ ಇಳಿಸಿ. ಸ್ಟ್ಯಾಮಿನಾ ಕರಗಿದ ಸಿಡಿಎಂ ಮತ್ತು ವಿಂಗ್‌ಬ್ಯಾಕ್‌ನನ್ನು ಬದಲಿಸಿ. ವೇಗದ ಸ್ಟ್ರೈಕರ್ ಒಬ್ಬ ಹಾಫ್‌ವೇ ಲೈನ್ ಹತ್ತಿರವೇ ಇರಲಿ. ಅವನಿರುವ ತನಕ ಎದುರಾಳಿ ತನ್ನ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು ಮುಂದಕ್ಕೆ ಕಳಿಸಲಾರ.