ಅಮೆರಿಕದ ಕಪ್ಪು ಜನರ ಹೋರಾಟಕ್ಕೂ ನಮ್ಮಂಥ ಕನ್ನಡಿಗರಿಗೂ ಏನು ಸಂಬಂಧ?

ನಿಮ್ಮ ಅಣ್ಣ ಡಲ್ಲಾಸ್‌ನಲ್ಲಿದ್ದಾರೆ, ಫೋನಿನಲ್ಲಿ ಮಾತಿಗೆ ಮಾತು ಬಂದಾಗ "ಅದು ಕಪ್ಪು ಜನರ ಗಲಾಟೆ, ನಾವು ಓದಿ ಕಷ್ಟಪಟ್ಟು ಬಂದವರು, ನಮಗೂ ಅವರಿಗೂ ಏನು ಸಂಬಂಧ" ಎಂದರು, ಇದು ಸರಿಯಾ ಅಂತ ಕೇಳಿದ್ದೀರಿ.

ಸರಿಯಲ್ಲ. ಆದರೆ ನಿಮ್ಮ ಅಣ್ಣನ ಮೇಲೆ ನನಗೆ ಕೋಪವಿಲ್ಲ. ಅಟ್ಲಾಂಟಾ ಪಕ್ಕದ ಊರಿಗೆ ನಾನು ಬಂದು ಹದಿನೆಂಟು ವರ್ಷ ಆಯಿತು. ಮೊದಲ ಹತ್ತು ವರ್ಷ ನಾನೂ ಇದನ್ನೇ ಹೇಳಿಕೊಂಡು ಓಡಾಡಿದವಳು. ಮನೆ ಹುಡುಕುವಾಗ "ಆ ಕಡೆ ಬೇಡ ಕಣೇ, ಅಲ್ಲಿ ಅವರೇ ಜಾಸ್ತಿ" ಎಂದು ಗೆಳತಿ ಹೇಳಿದ್ದಳು. ಯಾಕೆ ಏನು ಅಂತ ಒಂದು ಮಾತು ಕೇಳದೆ ಆ ಕಡೆಯ ಮನೆಗಳನ್ನು ಪಟ್ಟಿಯಿಂದ ತೆಗೆದುಹಾಕಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ವಿಷಯಕ್ಕೆ ಬರುತ್ತೇನೆ. ನಾವು ಇಲ್ಲಿಗೆ ಬರುವ ಬಾಗಿಲು ಬಹಳ ಕಾಲ ಮುಚ್ಚಿತ್ತು. 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಬಿಳಿಯರು ಮಾತ್ರ ಪೌರರಾಗಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ನಾವು ಎರಡರಲ್ಲೂ ಇಲ್ಲ. 1917ರಲ್ಲಿ ಇನ್ನೊಂದು ಕಾನೂನು ತಂದು ಭಾರತವೂ ಸೇರಿದಂತೆ ಏಷ್ಯಾದ ಬಹುಪಾಲು ದೇಶಗಳ ಜನ ಬರುವುದನ್ನೇ ನಿಲ್ಲಿಸಿದರು.

ಆಗ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಇಲ್ಲಿದ್ದರು. ನಮಗೆಲ್ಲ ಗೊತ್ತಿರುವ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಇವರು ಬೇರೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಅಲ್ಲಿ ಅವರ ಕಡೆಯಿಂದ ಮಂಡಿಸಿದ ವಾದವನ್ನು ಒಮ್ಮೆ ಓದಿ ನೋಡಿ. ನಾವು ಆರ್ಯರು, ಮೇಲುಜಾತಿಯವರು, ಹಾಗಾಗಿ ಬಿಳಿಯರೇ ಎಂಬುದು ವಾದ. ಅಷ್ಟಕ್ಕೇ ನಿಲ್ಲಲಿಲ್ಲ. ಮದುವೆ ಸಂಬಂಧದ ವಿಷಯಕ್ಕೆ ಬಂದರೆ ಅಮೆರಿಕದ ಬಿಳಿಯರು ಕಪ್ಪು ಜನರನ್ನು ಹೇಗೆ ನೋಡುತ್ತಾರೋ, ಮೇಲುಜಾತಿಯ ಭಾರತೀಯರು ಭಾರತದ ಮೂಲನಿವಾಸಿಗಳನ್ನು ಹಾಗೇ ನೋಡುತ್ತಾರೆ ಎಂದೂ ಹೇಳಲಾಯಿತು. ಅಂದರೆ ನಮ್ಮ ಜಾತಿಯನ್ನೇ ಅರ್ಹತೆಯ ಹಾಗೆ ಕೋರ್ಟಿನ ಮುಂದೆ ಇಟ್ಟಿದ್ದರು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ನಮ್ಮೂರಿನಲ್ಲಿ ಹಿಂದಿನ ಬಾಗಿಲಲ್ಲಿ ನಿಂತು ಮೇಲಿನಿಂದ ನೀರು ಹೊಯ್ಯಿಸಿಕೊಂಡು ಕುಡಿಯುತ್ತಿದ್ದ ಆಳುಗಳು ಕಣ್ಣ ಮುಂದೆ ಬಂದರು.

1923ರಲ್ಲಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಬೀದಿಯಲ್ಲಿ ಹೋಗುವ ಸಾಮಾನ್ಯ ಮನುಷ್ಯ ನಿಮ್ಮನ್ನು ಬಿಳಿಯ ಎನ್ನುವುದಿಲ್ಲ, ಅಷ್ಟೇ, ಎಂದಿತು. ಆಮೇಲೆ ಅದಾಗಲೇ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಅವರಲ್ಲಿ ಒಬ್ಬರು ವೈಷ್ಣೋ ದಾಸ್ ಬಗಾಯ್. ಹೆಂಡತಿ ಕಲಾ ಮತ್ತು ಮೂರು ಗಂಡುಮಕ್ಕಳೊಂದಿಗೆ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಅಂಗಡಿ ಇಟ್ಟುಕೊಂಡಿದ್ದವರು. ಪೌರತ್ವ ಹೋಯಿತು. ಪೌರತ್ವ ಇಲ್ಲದ ಏಷ್ಯಾದವರು ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಭಾರತಕ್ಕೆ ಹೋಗಿ ಬರೋಣವೆಂದರೆ ಅಮೆರಿಕದ ಪಾಸ್‌ಪೋರ್ಟ್ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಚಿನ್ನದ ಪಂಜರದಲ್ಲಿ ಬದುಕಿ ಏನು ಪ್ರಯೋಜನ ಎಂದು ಕೇಳುವ ಪತ್ರ ಬರೆದಿಟ್ಟಿದ್ದರು.

1946ರಲ್ಲಿ ಬಾಗಿಲು ಚೂರು ತೆರೆಯಿತು. ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ನಮ್ಮ ಕನ್ನಡ ಕೂಟದ ಸಂಕ್ರಾಂತಿಗೆ ಇದಕ್ಕಿಂತ ಜಾಸ್ತಿ ಜನ ಬರುತ್ತಾರೆ.

ಈಗ 1965ಕ್ಕೆ ಬನ್ನಿ. ಅಲಬಾಮಾದ ಸೆಲ್ಮಾ ಎಂಬ ಊರು. ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅರ್ಧದಷ್ಟು ಜನ ಕಪ್ಪು ವರ್ಣದವರು. ಆದರೆ ಅವರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಇಬ್ಬರು. ಹೆಸರು ಸೇರಿಸುವ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡು ಸೋಮವಾರ ಮಾತ್ರ. ಕ್ಯೂನಲ್ಲಿ ನಿಂತು ಒಳಗೆ ಹೋದರೆ ಸಂವಿಧಾನದ ಮೇಲೆ ಪರೀಕ್ಷೆ. ಪಾಸೋ ಫೇಲೋ ಎಂಬುದು ಅಲ್ಲಿ ಕೂತ ಗುಮಾಸ್ತನ ಇಷ್ಟ. ಮೇಷ್ಟ್ರುಗಳನ್ನೂ ಫೇಲ್ ಮಾಡಿ ಕಳಿಸುತ್ತಿದ್ದರು.

ಮಾರ್ಚ್ 7, ಭಾನುವಾರ. ಸುಮಾರು 600 ಜನ ಬ್ರೌನ್ ಚಾಪೆಲ್ ಎಂಬ ಚರ್ಚಿನಿಂದ ರಾಜ್ಯದ ರಾಜಧಾನಿ ಮಾಂಟ್‌ಗಮರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಮುಂದಿದ್ದವರಲ್ಲಿ ಒಬ್ಬರು ಜಾನ್ ಲೂಯಿಸ್, 25 ವರ್ಷದ ಹುಡುಗ. ಬೆನ್ನಿಗೆ ಒಂದು ಚೀಲ. ಅದರಲ್ಲಿ ಎರಡು ಪುಸ್ತಕ, ಒಂದು ಸೇಬು, ಒಂದು ಕಿತ್ತಳೆ, ಹಲ್ಲುಜ್ಜುವ ಬ್ರಷ್ಷು, ಪೇಸ್ಟು. ಹೇಗೂ ಜೈಲಿಗೆ ಹಾಕುತ್ತಾರೆ ಎಂದು ಕಟ್ಟಿಕೊಂಡ ಬುತ್ತಿ ಅದು. ಜೈಲಿಗೆ ಹಾಕಲಿಲ್ಲ. ಸೇತುವೆಯ ಆಚೆ ನಿಂತಿದ್ದ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳೊಂದಿಗೆ ಮೇಲೆರಗಿದರು. ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಅಮೀಲಿಯಾ ಬಾಯ್ಟನ್ ಎಂಬ ಐವತ್ತು ದಾಟಿದ ಹೆಂಗಸು ಪ್ರಜ್ಞೆ ತಪ್ಪಿ ರಸ್ತೆಯಲ್ಲಿ ಬಿದ್ದರು. ಆ ರಾತ್ರಿ ದೇಶವೆಲ್ಲ ಟಿವಿಯಲ್ಲಿ ಇದನ್ನು ನೋಡಿತು. ಎರಡು ವಾರದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಜೊತೆಗೆ ಮತ್ತೆ ಹೊರಟರು, 54 ಮೈಲಿ ನಡೆದು ಮಾಂಟ್‌ಗಮರಿ ಮುಟ್ಟಿಯೇ ಬಿಟ್ಟರು. ಆಗಸ್ಟ್ 6ಕ್ಕೆ ಮತದಾನ ಹಕ್ಕಿನ ಕಾಯ್ದೆ ಬಂತು.

ಅದಾಗಿ ಎರಡು ತಿಂಗಳು ಕೂಡ ಕಳೆದಿರಲಿಲ್ಲ. ಅಕ್ಟೋಬರ್ 3ಕ್ಕೆ ಅಧ್ಯಕ್ಷ ಜಾನ್ಸನ್ ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ಇನ್ನೊಂದು ಕಾಯ್ದೆಗೆ ಸಹಿ ಹಾಕಿದರು. ಹಾರ್ಟ್-ಸೆಲ್ಲರ್ ವಲಸೆ ಕಾಯ್ದೆ. ಯಾವ ಜನಾಂಗ, ಯಾವ ದೇಶ ಎಂದು ನೋಡಿ ಕೋಟಾ ಹಂಚುವ ಪದ್ಧತಿ ಅಲ್ಲಿಗೆ ಮುಗಿಯಿತು. ವರ್ಷಕ್ಕೆ 100 ಇದ್ದ ಭಾರತದ ಮಿತಿ ಬೇರೆ ದೇಶಗಳಂತೆಯೇ 20,000ಕ್ಕೆ ಏರಿತು. ಕಾಯ್ದೆಯ ಹೆಸರಿನಲ್ಲಿರುವ ಸೆಲ್ಲರ್ ಯಾರು ಗೊತ್ತಾ? ಬ್ರೂಕ್ಲಿನ್‌ನ ಸಂಸದ ಇಮ್ಯಾನ್ಯುಯೆಲ್ ಸೆಲ್ಲರ್. ಹೋಟೆಲು, ಕೆಲಸಗಳಲ್ಲಿ ಬಣ್ಣದ ಭೇದ ಮಾಡಬಾರದು ಎಂದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಕೆಳಮನೆಗೆ ತಂದವರೂ ಅವರೇ. ಆ ನೂರು ಜನರ ಕೋಟಾ ಕೊಡಿಸಿದ 1946ರ ಕಾಯ್ದೆಯಲ್ಲೂ ಅವರ ಹೆಸರಿದೆ. ಬಣ್ಣ ನೋಡಿ ಹೋಟೆಲಿನಿಂದ ಹೊರಗೆ ಹಾಕುವುದು ತಪ್ಪು ಎಂದು ಒಪ್ಪಿಕೊಂಡ ಮೇಲೆ, ಬಣ್ಣ ನೋಡಿ ದೇಶದಿಂದ ಹೊರಗಿಡುವುದನ್ನು ಯಾವ ಬಾಯಿಯಲ್ಲಿ ಸರಿ ಎನ್ನುವುದು?

ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ರಷ್ಯಾದ ಜೊತೆಗಿನ ಶೀತಲ ಸಮರದಲ್ಲಿ ಅಮೆರಿಕಕ್ಕೆ ತನ್ನ ಮುಖ ಉಳಿಸಿಕೊಳ್ಳಬೇಕಿತ್ತು, ಓದಿದವರ ಅಗತ್ಯವೂ ಇತ್ತು. ಹಾಗೆಂದೇ ಈ ಕಾಯ್ದೆ ಡಾಕ್ಟರು, ಎಂಜಿನಿಯರುಗಳಿಗೆ ಮಣೆ ಹಾಕಿತು. "ನಾವು ಓದಿ ಬಂದವರು" ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಓದಿದವರನ್ನೇ ಆರಿಸಿ ಕರೆಸಿಕೊಂಡು, ಆಮೇಲೆ ನೋಡಿ ಇವರು ಎಷ್ಟು ಬುದ್ಧಿವಂತರು ಎಂದರೆ ಹೇಗೆ? ಇತ್ತ ಕಪ್ಪು ಜನರನ್ನು ಸರಪಳಿ ಹಾಕಿ ಹಡಗಿನಲ್ಲಿ ತಂದದ್ದು. ಅವರನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಅಲ್ವಾ?

ಇದನ್ನೆಲ್ಲ ನನಗೆ ಮೊದಲು ಹೇಳಿದವರು ನಮ್ಮ ಕನ್ನಡ ಕೂಟದ ಹಿರಿಯರೊಬ್ಬರು. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ 1970ರ ದಶಕದಲ್ಲಿ ಬಂದ ಡಾಕ್ಟರು. ಊಟದ ಸಾಲಿನಲ್ಲಿ ಯಾರೋ ನಿಮ್ಮ ಅಣ್ಣ ಹೇಳಿದ ಹಾಗೇ ಹೇಳಿದರು. ಡಾಕ್ಟರು ಎಲೆಯ ಮೇಲಿನ ಬಿಸಿಬೇಳೆಬಾತ್ ಬಿಟ್ಟು ಎದ್ದು ನಿಂತರು. "ನನ್ನ ವೀಸಾಗೆ ಏಟು ತಿಂದವರು ಅವರಮ್ಮಾ, ನಾನಲ್ಲ" ಎಂದು ನನ್ನ ಕಡೆ ತಿರುಗಿ ಹೇಳಿದರು. ಅವರ ಕೈ ನಡುಗುತ್ತಿತ್ತು.

ಮುಂದಿನ ಮಾರ್ಚ್‌ನಲ್ಲಿ ಮಗಳನ್ನು ಕರೆದುಕೊಂಡು ಸೆಲ್ಮಾಗೆ ಹೋದೆ. ಆ ಸೇತುವೆಗೆ ಎಡ್ಮಂಡ್ ಪೆಟಸ್ ಎಂದು ಹೆಸರು. ಗುಲಾಮಗಿರಿಯ ಪರ ನಿಂತು ಯುದ್ಧ ಮಾಡಿದ ಸೇನಾಧಿಕಾರಿಯ ಹೆಸರು. ಇವತ್ತಿಗೂ ಬದಲಾಗಿಲ್ಲ. ಚಿತ್ರಗಳಲ್ಲಿ ಕಾಣದ ಒಂದು ಸಂಗತಿ ಅಲ್ಲಿ ಹೋದ ಮೇಲೆ ತಿಳಿಯಿತು. ಸೇತುವೆ ಮಧ್ಯದಲ್ಲಿ ಉಬ್ಬಿದೆ. ಈ ಕಡೆಯಿಂದ ಹತ್ತುವಾಗ ಆ ಕಡೆ ಏನಿದೆ ಎಂದು ಕಾಣುವುದೇ ಇಲ್ಲ. ನೆತ್ತಿ ತಲುಪಿದ ಮೇಲೆಯೇ ಕೆಳಗೆ ನಿಂತಿದ್ದ ಪೊಲೀಸರ ಸಾಲು ಆ ಜನರಿಗೆ ಕಂಡಿದ್ದು. ಅಲ್ಲಿಂದ ಹಿಂದೆ ತಿರುಗಬಹುದಿತ್ತು. ತಿರುಗಲಿಲ್ಲ, ಇಳಿದು ಮುಂದೆ ನಡೆದರು. ನಾವಿಬ್ಬರೂ ನೆತ್ತಿಯ ಮೇಲೆ ನಿಂತೆವು. ಕೆಳಗೆ ಅಲಬಾಮಾ ನದಿ, ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ಮಗಳು ನನ್ನ ಕೈ ಬಿಡಲಿಲ್ಲ.

ನಿಮ್ಮ ಅಣ್ಣನ ಜೊತೆ ಫೋನಿನಲ್ಲಿ ವಾದ ಮಾಡಬೇಡಿ, ಅದರಿಂದ ಏನೂ ಆಗುವುದಿಲ್ಲ. ನೀವು ಅವರನ್ನು ನೋಡಲು ಬಂದಾಗ ಒಂದು ರಜೆ ಸೆಲ್ಮಾಗೆ ಇಟ್ಟುಕೊಳ್ಳಿ. ಬ್ರೌನ್ ಚಾಪೆಲ್ ಹತ್ತಿರ ಕಾರು ನಿಲ್ಲಿಸಿ, ಅಲ್ಲಿಂದ ಸೇತುವೆಗೆ ಹೆಚ್ಚು ದೂರವಿಲ್ಲ. ಕಾರಿನಲ್ಲಿ ದಾಟಬೇಡಿ. ಇಬ್ಬರೂ ನಡೆದೇ ಹೋಗಿ.