ರಚನೋತ್ತರವಾದ ಅಂದರೆ ಕೃತಿಗೆ ಯಾವ ಅರ್ಥವನ್ನಾದರೂ ಹಚ್ಚಬಹುದು ಎಂದೇ?

ನೀವು ಪುಣೆಯಲ್ಲಿ ಎಂ.ಎ. ಓದುತ್ತಿದ್ದೀರಿ. ರಚನಾವಾದ ಅಂದರೆ ಕೃತಿಗೆ ಒಂದೇ ಅರ್ಥ, ರಚನೋತ್ತರವಾದ ಅಂದರೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದು, ಹೀಗೆ ಪರೀಕ್ಷೆಯಲ್ಲಿ ಬರೆದರೆ ಸರೀನಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಎರಡನೆಯ ಮಾತಂತೂ ತುಂಬಾ ಅನ್ಯಾಯ. ರಚನಾವಾದ (structuralism) ಕೃತಿಯನ್ನು ಕಟ್ಟಿರುವ ಎದುರುಬದುರು ಜೋಡಿಗಳನ್ನು ಹುಡುಕುತ್ತದೆ. ರಚನೋತ್ತರವಾದ (post-structuralism) ಆ ಜೋಡಿಗಳು ಎಲ್ಲಿ ಸಡಿಲವಾಗುತ್ತವೆ ಎಂದು ಕೃತಿಯಲ್ಲೇ ನೋಡುತ್ತದೆ. ಅದು ಬಹಳ ಕಟ್ಟುನಿಟ್ಟಿನ ಓದು.

ಎರಡಕ್ಕೂ ಮೂಲ ಇರುವುದು ಭಾಷಾವಿಜ್ಞಾನಿ ಸಸ್ಯೂರ್ ಅವರಲ್ಲಿ. ಅವರು ತೀರಿಕೊಂಡ ಮೇಲೆ, 1916ರಲ್ಲಿ, ಅವರ ಪಾಠಗಳು ಪುಸ್ತಕವಾದವು. ಪದಕ್ಕೆ ಅರ್ಥ ಬರುವುದು ಬೇರೆ ಪದಗಳಿಗಿಂತ ಅದು ಬೇರೆಯಾಗಿರುವುದರಿಂದ ಎಂದರು. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಇದನ್ನೇ ಪುರಾಣ ಕಥೆಗಳಿಗೆ ಹಚ್ಚಿದರು. ಫ್ರೆಂಚ್ ವಿಮರ್ಶಕ ರೋಲಾ ಬಾರ್ತ್ 1964ರಲ್ಲಿ ಒಂದು ಪಾಸ್ತಾ ಜಾಹೀರಾತನ್ನು ಇದೇ ರೀತಿ ಬಿಡಿಸಿ ನೋಡಿದರು. ಚರಿತ್ರೆ ಇಷ್ಟು ಸಾಕು, ಉದಾಹರಣೆಗೆ ಬರೋಣ.

ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನ ನಿಮಗೆ ಬಾಯಿಪಾಠ ಇರಬೇಕು. ರಚನಾವಾದಿ ಅದರಲ್ಲಿ ಜೋಡಿಗಳನ್ನು ಹುಡುಕುತ್ತಾನೆ: ಉಳ್ಳವರು–ಬಡವ, ಕಟ್ಟಿದ ಗುಡಿ–ದೇಹ, ಸ್ಥಾವರ–ಜಂಗಮ, ಅಂದರೆ ನಿಂತದ್ದು–ಚಲಿಸುವುದು. ಇಡೀ ವಚನ ಈ ಜೋಡಿಗಳ ಮೇಲೆ ನಿಂತಿದೆ. ಪ್ರತಿ ಜೋಡಿಯಲ್ಲೂ ಎರಡನೆಯದೇ ಮೇಲು.

ರಚನೋತ್ತರವಾದಿ ಇದನ್ನು ಅಳಿಸುವುದಿಲ್ಲ. ಇಲ್ಲಿಂದಲೇ ಮುಂದೆ ಹೋಗುತ್ತಾನೆ. ದೇಹ ದೊಡ್ಡದು ಎಂದು ಹೇಳಲು ವಚನ ಯಾವ ಮಾತು ಬಳಸಿತು? ಕಾಲು ಕಂಬವಾಯಿತು, ತಲೆ ಹೊನ್ನಿನ ಕಳಸವಾಯಿತು. ಬೇಡ ಅಂದ ಗುಡಿಯ ಮಾತಿಲ್ಲದೆ ದೇಹವನ್ನು ಹೊಗಳಲು ಆಗಲಿಲ್ಲ, ಅಲ್ವಾ? ಅದೂ ಅಲ್ಲದೆ, ಜಂಗಮಕ್ಕೆ ಅಳಿವಿಲ್ಲ ಎಂದ ಈ ಮಾತು ನಮ್ಮವರೆಗೆ ಬಂದದ್ದರಲ್ಲಿ ತಾಳೆಗರಿಯ ಪಾಲೂ ಇದೆ. ತಾಳೆಗರಿ ಸ್ಥಾವರವೇ. ಫ್ರೆಂಚ್ ತತ್ವಜ್ಞಾನಿ ಡೆರಿಡಾ ಕಲಿಸಿದ್ದು ಈ ಬಗೆಯ ಓದು. ತಾಳೆಗರಿಯೊಂದನ್ನು ಬಿಟ್ಟರೆ ಹೊರಗಿನಿಂದ ಏನನ್ನೂ ತಂದು ಹಾಕಿಲ್ಲ, ಉಳಿದದ್ದೆಲ್ಲ ವಚನದಲ್ಲೇ ಇದೆ. ಇದರಿಂದ ವಚನ ಸಣ್ಣದಾಗುವುದಿಲ್ಲ. ನನಗಂತೂ ಹೀಗೆ ಓದಿದ ಮೇಲೆ ಅದು ಇನ್ನೂ ಹತ್ತಿರವಾಯಿತು.

ಚಿತ್ರ, ಶಿಲ್ಪಕ್ಕೂ ಇದೇ ದಾರಿ. ನಾನಿರುವುದು ಮುಂಬೈನಲ್ಲಿ. ಊರಿಂದ ಯಾರೇ ಬಂದರೂ ಗೇಟ್‌ವೇಯಿಂದ ದೋಣಿ ಹತ್ತಿಸಿ ಘಾರಾಪುರಿಗೆ, ಅಂದರೆ ಎಲಿಫೆಂಟಾ ಗುಹೆಗೆ, ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಮೂರು ಮುಖದ ದೊಡ್ಡ ಶಿಲ್ಪವನ್ನು ಬಹಳ ಕಾಲ ತ್ರಿಮೂರ್ತಿ ಎಂದರು: ಬ್ರಹ್ಮ, ವಿಷ್ಣು, ಶಿವ. ಈಗ ವಿದ್ವಾಂಸರು ಅದನ್ನು ಸದಾಶಿವ, ಅಂದರೆ ಶಿವನದೇ ಒಂದು ರೂಪ, ಎನ್ನುತ್ತಾರೆ. ಸುತ್ತಲಿನ ದೊಡ್ಡ ಶಿಲ್ಪಗಳೆಲ್ಲ ಶಿವನ ಕಥೆಗಳೇ. ಒಂದು ಬದಿಯ ಮುಖ ಉಗ್ರ, ಅದರ ಜೊತೆ ಹಾವು. ಇನ್ನೊಂದು ಬದಿಯದು ಹೆಣ್ಣಿನ ಮುಖ, ಕೈಯಲ್ಲಿ ತಾವರೆ. ನೋಡಿ, ಒಂದು ಅರ್ಥ ಹಿಂದೆ ಸರಿಯಿತು, ಯಾಕೆಂದರೆ ಕಲ್ಲು ಅದನ್ನು ಒಪ್ಪಲಿಲ್ಲ. ‘ಏನು ಬೇಕಾದರೂ’ ಎನ್ನುವವರಿಗೆ ಇದನ್ನೇ ತೋರಿಸಬೇಕು.

ಉಗ್ರ–ಸೌಮ್ಯ, ಗಂಡು–ಹೆಣ್ಣು, ನಡುವೆ ಎರಡನ್ನೂ ಹಿಡಿದ ಶಾಂತ ಮುಖ. ರಚನಾವಾದಿಯ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಸದಾಶಿವನಿಗೆ ಐದು ಮುಖ. ಕೆತ್ತಿದ್ದು ಮೂರೇ. ಒಂದು ಹಿಂದೆ ಬಂಡೆಯೊಳಗೆ, ಒಂದು ಮೇಲೆ, ನಾವೇ ಅಂದುಕೊಳ್ಳಬೇಕು. ಕಾಣದ ಆ ಎರಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಣುವ ಮೂರಕ್ಕೆ ಪೂರ್ತಿ ಅರ್ಥ ಬರುವುದಿಲ್ಲ. ರಚನೋತ್ತರವಾದದ ಪ್ರಶ್ನೆ ಹುಟ್ಟುವುದು ಅಲ್ಲಿ.

ಪರೀಕ್ಷೆಯಲ್ಲಿ ಮೊದಲು ಜೋಡಿಗಳನ್ನು ಬರೆಯಿರಿ. ಆಮೇಲೆ ಯಾವ ಜೋಡಿ ಎಲ್ಲಿ ಸಡಿಲವಾಗುತ್ತದೆ ಎಂದು ಕೃತಿಯ ಸಾಲನ್ನೇ ತೋರಿಸಿ ಬರೆಯಿರಿ. ಡೆರಿಡಾ ಹೆಸರು ಒಂದು ಸಲ ಬಂದರೂ ಸಾಕು. ಘಾರಾಪುರಿಗೆ ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ, ಅವತ್ತು ಗುಹೆ ಮುಚ್ಚಿರುತ್ತದೆ.